ತಾಯಿ ದಬ್ಬೆ

ಎಲ್ಲೋ ದೂರದ ಜಿಲ್ಲೆಯ ಕೆರೆಯಲ್ಲಿ ದೋಣಿ ಮುಳುಗಿ ನಾಲ್ಕು ಜನ ಸತ್ತರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ, 2003ರ ಕಾರ್ತಿಕದಲ್ಲಿ ತಿ. ನರಸೀಪುರದ ತಾಲ್ಲೂಕು ಕಚೇರಿಗೂ ಎಚ್ಚರವಾಯಿತು. ಸಂಗಮದಲ್ಲಿ ತೆಪ್ಪ ಹಾಕುವವರೆಲ್ಲ ಒಂದನೇ ತಾರೀಖಿನೊಳಗೆ ಇನ್ಶೂರೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ ಲೈಸೆನ್ಸ್ ರದ್ದು ಎಂದು ನೋಟಿಸು ಅಂಟಿಸಿದರು. ಬಿದಿರು ಹೆಣೆದು, ಪ್ಲಾಸ್ಟಿಕ್ ಚೀಲ ಹೊದಿಸಿ, ಟಾರು ಬಳಿದ ದುಂಡು ಬುಟ್ಟಿಗೂ ಒಂದು ಇನ್ಶೂರೆನ್ಸು ಎಂದು ನದಿ ದಂಡೆಯವರು ಎರಡು ದಿನ ನಕ್ಕರು.

ಚಿಕ್ಕಸ್ವಾಮಿ ನಗಲಿಲ್ಲ. ಅರ್ಜಿಯ ಹಾಳೆಯನ್ನು ಅವನು ಓದಿದ್ದ. ಒಂಬತ್ತನೇ ಪ್ರಶ್ನೆ ಹೀಗಿತ್ತು: ಈ ಹಿಂದೆ ಈ ದೋಣಿಯಲ್ಲಿ ಅಪಘಾತವಾಗಿ ಜೀವಹಾನಿ ಆಗಿದೆಯೇ?

ಅವನ ತೆಪ್ಪದಲ್ಲಿ ಒಂದು ಜಾಗ ಎಂದೂ ಒಣಗುತ್ತಿರಲಿಲ್ಲ. ಟಾರು ಬಳಿದು ವಾರವಾಗಿರಲಿ, ಬೇಸಿಗೆಯ ಬಿಸಿಲಿನಲ್ಲಿ ದಡದ ಮೇಲೆ ಬೋರಲು ಹಾಕಿರಲಿ, ನೀರಿಗಿಳಿಸಿದ ಗಳಿಗೆಗೆ ಅವನ ಎಡಗಡೆ ಒಂದು ಮಣೆಯಗಲ ಒದ್ದೆಯಾಗುತ್ತಿತ್ತು. ಎಲ್ಲೂ ತೂತಿರಲಿಲ್ಲ. “ಇಲ್ಲಿ ನೀರದೆ ಕಣಪ್ಪ” ಎಂದು ಜನ ಸರಿದು ಕೂರುತ್ತಿದ್ದರು. ಎಂಟು ಜನ ಹಿಡಿಯುವ ತೆಪ್ಪಕ್ಕೆ ಅವನು ಏಳೇ ಜನರನ್ನು ಹತ್ತಿಸುತ್ತಿದ್ದ. ಆದರೂ ನಡುನೀರಿಗೆ ಬಂದಾಗ ತೆಪ್ಪ ಎಡಕ್ಕೆ ಚೂರು ವಾಲುತ್ತಿತ್ತು. ಹತ್ತು ವರ್ಷದ ಮಗುವಿನ ಭಾರಕ್ಕೆ ಎಷ್ಟು ವಾಲಬೇಕೋ ಅಷ್ಟೇ. ಅವನಿಗೆ ಭಯವಾಗುತ್ತಿತ್ತು, ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು.

ಹನ್ನೆರಡು ವರ್ಷದ ಹಿಂದಿನ ಶ್ರಾವಣದಲ್ಲಿ ಅವನ ಹತ್ತು ವರ್ಷದ ತಂಗಿ ಚಲುವಿ ಹೊಳೆಯ ಮೆಟ್ಟಿಲ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಜ್ವರ ಬಂದು ಮಲಗಿದ್ದ ತಾಯಿ ಸಾಕಮ್ಮನೇ ಕಳಿಸಿದ್ದಳು. ಅಪ್ಪ ಬೆಟ್ಟಯ್ಯ ತೆಪ್ಪದ ತುಂಬ ಕಡಲೆಕಾಯಿ ಮೂಟೆ ಹೇರಿದ್ದ. ಹುಟ್ಟು ಹಿಡಿದಿದ್ದ ಚಿಕ್ಕಸ್ವಾಮಿಗೆ ಆಗ ಹದಿನಾರು. “ಬಾರೆ, ಆಚೆ ದಡ ತೋರ್ಸ್ಕೊಂಡ್ ಬತ್ತೀನಿ” ಎಂದು ಕರೆದವನು ಅವನೇ. ಸುಳಿಯಲ್ಲಿ ತೆಪ್ಪ ಮಗುಚಿತು. ಅಪ್ಪ, ಮಗ ಈಜಿ ದಡ ಸೇರಿದರು. ಹುಡುಗಿ ಮೂರು ದಿನದ ಮೇಲೆ ತಲಕಾಡಿನ ಮರಳಲ್ಲಿ ಸಿಕ್ಕಿದಳು.

ಜನರನ್ನು ಹೊಳೆ ದಾಟಿಸುವ ಕಡವಿನ ಹರಾಜು ಹತ್ತಿರವಿತ್ತು. ಜೀವ ತೆಗೆದ ತೆಪ್ಪ ಅಂತಾದರೆ ಗುತ್ತಿಗೆ ಯಾರು ಕೊಡುತ್ತಾರೆ? “ಬಟ್ಟೆ ಮೆಟ್ಲ ಮ್ಯಾಲೇ ಅವೆ. ಕಾಲು ಜಾರ್ತು ಅನ್ನು” ಎಂದು ಬೆಟ್ಟಯ್ಯ ಮಗನ ಬಾಯಿಗೆ ಬೀಗ ಹಾಕಿದ. ಸಾಯುವಾಗಲೂ ಆ ಬೀಗ ತೆಗೆಯಲಿಲ್ಲ.

ಸಾಕಮ್ಮ ಅದನ್ನು ನಂಬಿದಳು. ಕಳಿಸಿದ್ದು ನಾನೇ, ಕೊಂದಿದ್ದೂ ನಾನೇ ಎಂದು ಒಳಗೇ ಬೆಂದಳು. ಪ್ರತಿವರ್ಷ ಮಹಾಲಯ ಅಮಾವಾಸ್ಯೆಗೆ ಅದೇ ಮೆಟ್ಟಿಲ ಮೇಲೆ ಮಗಳಿಗೆ ಎಡೆ ಇಟ್ಟು ಹೊತ್ತು ಇಳಿಯುವ ತನಕ ಕಾಯುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಕಾಗೆ ಆ ಎಡೆ ಮುಟ್ಟಲಿಲ್ಲ. “ನನ್ ಮ್ಯಾಲೆ ಅವ್ಳ ಕ್ವಾಪ ಇಳ್ದಿಲ್ಲ” ಎಂದು ಎಲೆ ಮಡಿಸಿಕೊಂಡು ಮನೆಗೆ ಬರುತ್ತಿದ್ದಳು. ಚಿಕ್ಕಸ್ವಾಮಿ ಅದನ್ನೂ ನೋಡಿಕೊಂಡು ಊಟ ಮಾಡುತ್ತಿದ್ದ. ಎಂಥ ಗಂಟಲೋ ಅವನದು.

ನಂಜನಗೂಡಿನಿಂದ ಇನ್ಶೂರೆನ್ಸಿನ ಅಮೃತೇಶ್ ಮೋಟರ್ ಬೈಕಿನಲ್ಲಿ ಬಂದ. ಗಂಡ ಸತ್ತ ಮೇಲೆ ಲೈಸೆನ್ಸು ಸಾಕಮ್ಮನ ಹೆಸರಿಗೆ ಬಂದಿದ್ದರಿಂದ ಹೆಬ್ಬೆಟ್ಟು ಅವಳದೇ ಬೇಕಿತ್ತು. ಅವಳು ದಡದಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಮಗಳು ಹೋದಂದಿನಿಂದ ಅವಳು ತೆಪ್ಪ ಹತ್ತಿದವಳಲ್ಲ.

“ತೆಪ್ಪ ಕಟ್ಟಿ ಎಷ್ಟು ವರ್ಷ ಆಯ್ತಪ್ಪ?” ಅಮೃತೇಶ್ ಕೇಳಿದ.

“ಟಾರು ಓದ್ ತಿಂಗ್ಳು ಸಾ. ಬಿದ್ರು ಎಲ್ಡ್ ವರ್ಸ. ನಡುವಿನ ದಬ್ಬೆ ನಮ್ ತಾತನ ಕಾಲ್ದು.”

ಹೊಸ ತೆಪ್ಪ ಹೆಣೆಯುವಾಗ ಹಳೆಯದರ ನಡುವಿನ ಬಿದಿರು ಸೀಳೊಂದನ್ನು ಬಿಚ್ಚಿ ಹೊಸದಕ್ಕೆ ಸೇರಿಸುವುದು ಅವರ ಮನೆಯ ಪದ್ಧತಿ. ಅದಕ್ಕೆ ತಾಯಿ ದಬ್ಬೆ ಅನ್ನುತ್ತಾರೆ. ಅದಿಲ್ಲದ ತೆಪ್ಪವನ್ನು ಹೊಳೆ ಗುರುತು ಹಿಡಿಯುವುದಿಲ್ಲವಂತೆ. ಚಲುವಿ ಮುಳುಗಿದ ತೆಪ್ಪವನ್ನು ಬೆಟ್ಟಯ್ಯ ಸುಟ್ಟಿದ್ದ, ದಬ್ಬೆ ಮಾತ್ರ ಉಳಿಸಿಕೊಂಡಿದ್ದ.

“ಒಂದು ದಬ್ಬೆಗೋಸ್ಕರ ಹಳೇದು ಅಂತ ಬರೆಯೋಕಾಗತ್ತಾ? ಹೊಸದು ಅಂತ ಬರ್ಕೋತೀನಿ” ಎಂದು ಅಮೃತೇಶ್ ನಕ್ಕ. ಒಂಬತ್ತನೆಯದನ್ನು ಓದಿದ. “ಇದರಲ್ಲಿ ಯಾರಾದ್ರೂ ಸತ್ತಿದಾರಾ?”

ಸಾಕಮ್ಮನೇ ಉತ್ತರ ಕೊಟ್ಟಳು. “ಇಲ್ಲ ಸಾ. ನಮ್ ತೆಪ್ಪ ಯಾರ್ ಜೀವಾನೂ ತಗೊಂಡಿಲ್ಲ. ನನ್ ಮಗ್ಳು ಓಗಿದ್ದು ಅಗೋ ಆ ಮೆಟ್ಲಲ್ಲಿ. ನಾನೇ ಬಟ್ಟೆ ಒಗಿಯಕ್ಕೆ ಕಳಿಸ್ದೆ.”

ಹೆಬ್ಬೆರಳಿಗೆ ಇಂಕು ಹತ್ತಿಸಿಕೊಂಡು ಅವಳು ಕಾಗದದ ಮೇಲೆ ಬಾಗಿದಳು. ಚಿಕ್ಕಸ್ವಾಮಿ ಅವಳ ಮುಂಗೈ ಹಿಡಿದುಕೊಂಡ.

“ಒತ್ತಬ್ಯಾಡ ಕಣವ್ವ. ಅವ್ಳು ಮೆಟ್ಲಲ್ಲಿ ಜಾರ್ಲಿಲ್ಲ. ಈ ದಬ್ಬೆ ಇದ್ದ ತೆಪ್ಪದಲ್ಲಿದ್ಲು. ನಾನೇ ಕರ್ದು ಕೂರುಸ್ಕೊಂಡೆ.”

ಮಿಕ್ಕದ್ದನ್ನೂ ಹೇಳಿ ಮುಗಿಸಿದ. ಆಚೆ ದಡದ ಆಸೆ ತೋರಿಸಿದ್ದು, ಮೂಟೆ, ಸುಳಿ, ಅಪ್ಪನ ಮಾತು, ಎಲ್ಲ. ಅಮೃತೇಶ್ ಪೆನ್ನಿನ ಮುಚ್ಚಳ ಹಾಕಿದ. “ಹಾಗಿದ್ರೆ ಇದನ್ನ ಮೇಲಿನವರಿಗೆ ಬರೀಬೇಕು. ಒಂದನೇ ತಾರೀಖಿನೊಳಗೆ ಆಗೋದಲ್ಲ” ಎಂದು ಮೆಲ್ಲಗೆ ಹೇಳಿ ಎದ್ದು ಹೋದ. ಲೈಸೆನ್ಸಿನ ಕಥೆ ಅಲ್ಲಿಗೆ ಮುಗಿಯಿತು.

ಸಾಕಮ್ಮ ಇಂಕಿನ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಎದ್ದು ಮಗನ ಎದುರು ನಿಂತಳು. ಆಮೇಲೆ ಕೆನ್ನೆಗೆ ಒಂದು ಬಿಟ್ಟಳು. ಅವನು ಇನ್ನೊಂದು ಬೀಳಲಿ ಎಂದು ನಿಂತೇ ಇದ್ದ. ಬೀಳಲಿಲ್ಲ.

ಅವಳು ಸೀರೆ ಎತ್ತಿಕಟ್ಟಿ ನೀರಿಗಿಳಿದು ತೆಪ್ಪ ಹತ್ತಿದಳು.

“ಎಲ್ ಕೂತಿದ್ಲು?”

ಚಿಕ್ಕಸ್ವಾಮಿ ಒದ್ದೆ ಜಾಗ ತೋರಿಸಿದ. ಅವಳು ಬಗ್ಗಿ ಅಂಗೈ ಊರಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿ ನೋಡಿದಳು.

“ಅನ್ನೆಲ್ಡ್ ವರ್ಸ ಮೆಟ್ಲ ಮ್ಯಾಲೆ ಎಡೆ ಇಕ್ಕೊಂಡು ಕಾದ್ನಲ್ಲೋ. ಕೂಸು ಇಲ್ಲಿ ಅಸ್ಕೊಂಡು ಕೂತಿತ್ತು.”

ಅವಳು ತೆಪ್ಪ ಕಟ್ಟಿದ್ದ ಹಗ್ಗ ಬಿಚ್ಚಿದಳು. ಅವನಿಗೆ ಅಳು ತಡೆಯಲಾಗಲಿಲ್ಲ. “ಎಲ್ಲಿಗವ್ವ?” ಎಂದ.

“ಆಚೆ ದಡ ತೋರಿಸ್ತೀನಿ ಅಂದಿದ್ಯಲ್ಲ. ತೋರ್ಸು, ನಡಿ.”

ಅವನು ಹುಟ್ಟು ತೆಗೆದುಕೊಂಡ. ಸಾಕಮ್ಮ ಒದ್ದೆ ಜಾಗವನ್ನು ಬಿಟ್ಟು, ಅದರ ಪಕ್ಕಕ್ಕೆ ಸರಿದು ಕೂತಳು.