ದೇವೀರಪ್ಪನವರ ಗೀಸರ್ ಮತ್ತು ಮೂರನೇ ವೈರು

ಯಸಳೂರಿನ ದೇವೀರಪ್ಪನವರ ಮನೆಯ ಗೀಸರ್ ಸೋರಲು ಶುರುವಾಗಿದ್ದು ಕಾಫಿ ಕುಯ್ಲಿನ ನಡುವೆ. ಮೊದಲು ಒಂದೊಂದೇ ಹನಿ. ಆಮೇಲೆ ಗೋಡೆಯ ಮೇಲೆ ತುಕ್ಕಿನ ಗೆರೆ. ಒಂದು ಬೆಳಿಗ್ಗೆ ಅವರ ಹೆಂಡತಿ ನಾಗರತ್ನಮ್ಮ ಬಚ್ಚಲ ಬಾಗಿಲು ತೆಗೆದು ನೋಡಿದರೆ ಗೀಸರಿನ ಹೊಟ್ಟೆಯಿಂದ ಕೆಂಪು ನೀರು ಧಾರೆಯಾಗಿ ಇಳಿಯುತ್ತಿತ್ತು.

"ರೀ, ಇಲ್ಲಿ ಬನ್ರೀ! ಗೀಸರ್ ಹೋಗ್ಬುಡ್ತು!"

ದೇವೀರಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. ಒಳಗಿನ ಟ್ಯಾಂಕೇ ತುಕ್ಕು ತಿಂದು ತೂತಾಗಿತ್ತು. ರಿಪೇರಿಗೆ ಬಗ್ಗುವಂಥದ್ದಲ್ಲ, ಹೊಸದೇ ಬೇಕು.

ಬೇರೆ ಕಾಲವಾಗಿದ್ದರೆ ಒಲೆಯ ಮೇಲೆ ನೀರು ಕಾಯಿಸಿಕೊಂಡು ಹೇಗೋ ದಿನ ತಳ್ಳುತ್ತಿದ್ದರು. ಆದರೆ ಮಗಳು ಕೃತಿಕಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಹೊರಗೆ ಮಾಗಿಯ ಚಳಿ. ಬಾಣಂತಿಗೂ ಕೂಸಿಗೂ ಹೊತ್ತು ಹೊತ್ತಿಗೆ ಬಿಸಿನೀರು ಬೇಕು. ಎಲೆಕ್ಟ್ರೀಷಿಯನ್ ಧರ್ಮನಿಗೆ ಫೋನ್ ಮಾಡಿದರೆ, "ಎಸ್ಟೇಟ್ ಸ್ಟೋರಿನ ವೈರಿಂಗಲ್ಲಿ ಸಿಕ್ಕಾಕ್ಕೊಂಡಿದೀನಿ ಅಣ್ಣಾ, ನಾಕು ದಿನ ಬುಟ್ಟು ಬರ್ತೀನಿ" ಎಂದ.

"ಅವನಿಗೋಸ್ಕರ ಯಾಕ್ ಕಾಯ್ಬೇಕು? ನಾನೇ ಹಾಕ್ತೀನಿ" ಎಂದರು ದೇವೀರಪ್ಪ. "ಪಂಪ್‌ಸೆಟ್ ಬಿಚ್ಚಿ ಕಟ್ಟೋನಿಗೆ ಇದೊಂದು ಲೆಕ್ಕವಾ?"

ಅದು ಬರೀ ಜಂಬದ ಮಾತಲ್ಲ. ತೋಟದ ಸ್ಪ್ರೇಯರ್ ಕೆಟ್ಟರೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನಿಂತರೆ ಅವರೇ ಸರಿಮಾಡಿಕೊಳ್ಳುತ್ತಿದ್ದರು. ಜೊತೆಗೆ ಯಾರಿಗೂ ಹೇಳದ ಇನ್ನೊಂದು ಕಾರಣವೂ ಇತ್ತು. ಮಗಳು ಬರುತ್ತಾಳೆಂದು ನಾಗರತ್ನಮ್ಮ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಚಿಟ್ಟಿದ್ದರು, ಕಷಾಯದ ಪುಡಿ ಕುಟ್ಟಿಟ್ಟಿದ್ದರು. ಅಪ್ಪನಿಗೆ ಮಾಡಲು ಏನೂ ಉಳಿದಿರಲಿಲ್ಲ. ಹಾಗಾಗಿ ಗೀಸರ್ ಸೋರಿದ್ದು ಅವರಿಗೆ ಒಳಗೊಳಗೇ ಖುಷಿಯನ್ನೇ ಕೊಟ್ಟಿತ್ತು.

ಅವತ್ತೇ ಸಕಲೇಶಪುರಕ್ಕೆ ಹೋಗಿ ಹೊಸ ಗೀಸರ್ ತಂದರು. ಬಸ್ಸಿನಲ್ಲಿ ಅದನ್ನು ಕೆಳಗಿಡಲು ಮನಸ್ಸು ಬಾರದೆ ದಾರಿಯುದ್ದಕ್ಕೂ ತೊಡೆಯ ಮೇಲೇ ಕೂರಿಸಿಕೊಂಡಿದ್ದರು. "ಒಳ್ಳೆ ಮಗು ಎತ್ಕೊಂಡಂಗೆ ಎತ್ಕೊಂಡಿದೀರಲ್ಲ" ಎಂದು ಕಂಡಕ್ಟರ್ ನಕ್ಕ.

ಮಾರನೆಯ ದಿನ ಭಾನುವಾರ. ಸ್ವಿಚ್ ಆಫ್ ಮಾಡಿ, ನೀರಿನ ಗೇಟ್ ವಾಲ್ವ್ ತಿರುಗಿಸಿ, ಹಳೆಯ ಗೀಸರಿನಲ್ಲಿದ್ದ ನೀರನ್ನು ಬಕೆಟ್ಟಿಗೆ ಇಳಿಸಿದರು. ಅದನ್ನು ಕೆಳಗಿಳಿಸಿ, ಅದೇ ಹಳೆಯ ಕೊಕ್ಕೆಗಳಿಗೆ ಹೊಸದನ್ನು ನೇತುಹಾಕಿದರು. ತಣ್ಣೀರಿನ ಪೈಪು ಒಂದು ಕಡೆ, ಬಿಸಿನೀರಿನ ಪೈಪು ಇನ್ನೊಂದು ಕಡೆ. ಥ್ರೆಡ್ಡಿಗೆ ಬಿಳಿ ಟೇಪ್ ಸುತ್ತಿ ಬಿಗಿ ಮಾಡಿದರು. ಡಬ್ಬಿಯಲ್ಲಿ ಬಂದಿದ್ದ ಹಿತ್ತಾಳೆಯ ಪುಟ್ಟ ಸೇಫ್ಟಿ ವಾಲ್ವನ್ನೂ ತಣ್ಣೀರಿನ ಬಾಯಿಗೆ ಕೂರಿಸಿದರು. ಗೀಸರಿನ ವೈರು ಪ್ಲಗ್ಗಿನವರೆಗೆ ಎಟುಕಲಿಲ್ಲ. ಹಳೆಯ ಗೀಸರಿನ ವೈರು ಕತ್ತರಿಸಿ, ಜೋಡಿಸಿ, ಟೇಪ್ ಸುತ್ತಿದರು. ನೀರು ತುಂಬಿಸಿ ಸ್ವಿಚ್ ಹಾಕಿದಾಗ ಕೆಂಪು ದೀಪ ಹತ್ತಿತು. ದೇವೀರಪ್ಪ ಮೀಸೆಯ ಮೇಲೆ ಕೈಯಾಡಿಸಿದರು.

ನೀರು ಕಾಯುತ್ತಿದ್ದಂತೆ ಆ ಪುಟ್ಟ ವಾಲ್ವಿನಿಂದ ಟಪ್ ಟಪ್ ಎಂದು ಹನಿ ಬೀಳತೊಡಗಿತು.

"ಹೊಸದು ಅಂತ ತಂದ್ರೆ ಇದೂ ಸೋರ್ತೈತಲ್ಲೇ!" ಎಂದು ಸೀಬೆ ಕಡ್ಡಿಯೊಂದನ್ನು ಚೂಪಾಗಿ ಕೆತ್ತಿ ಅದರ ಬಾಯಿಗೆ ಬೆಣೆ ಹೊಡೆದರು. ಹನಿ ನಿಂತಿತು.

ಸ್ವಲ್ಪ ಹೊತ್ತಿಗೆ ನಾಗರತ್ನಮ್ಮ ಬಿಸಿನೀರು ಹಿಡಿಯಲು ನಲ್ಲಿ ತಿರುಗಿಸಿದವರು ಕೈ ಹಿಂದಕ್ಕೆಳೆದುಕೊಂಡರು. "ಜುಮ್ ಅಂತು ಕಣ್ರೀ!"

"ಹಳೇದ್ರಲ್ಲೂ ಒಂದೊಂದ್ ಸಲ ಹಂಗಂತಿರ್ಲಿಲ್ವಾ? ಚಳಿಗೆ ಕೈ ಮರಗಟ್ಟಿರ್ತೈತೆ ಅಷ್ಟೇ."

ನಾಗರತ್ನಮ್ಮ ಗಂಡನ ಜೊತೆ ವಾದಕ್ಕಿಳಿಯಲಿಲ್ಲ. ಸೀದಾ ಬೇಲಿಯ ಹತ್ತಿರ ಹೋಗಿ ಕೂಗಿದರು. "ಡೆಲ್ಸಿ! ಒಂದ್ ಗಳಿಗೆ ಬಂದು ಹೋಗು ಮಾರಾಯ್ತಿ!"

ಪಕ್ಕದ ಮನೆಯ ಡೆಲ್ಸಿ ತಾಲ್ಲೂಕಿನ ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ವೈರಿಂಗ್ ಕಲಿಸುವವರು. ಈ ಎರಡು ಮನೆಗಳ ನಡುವೆ ಹಲಸಿನ ಹಣ್ಣೂ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಯೂ ಓಡಾಡುತ್ತಲೇ ಇರುತ್ತವೆ. ಅವರು ಆಗಷ್ಟೇ ಚರ್ಚಿನಿಂದ ಬಂದು ಕಾಫಿಗೆ ಹಾಲಿಟ್ಟಿದ್ದರು. "ಜುಮ್ ಅಂತು" ಎಂಬ ಮಾತು ಕಿವಿಗೆ ಬಿದ್ದದ್ದೇ, ಒಲೆ ಆರಿಸಿ ಟೆಸ್ಟರ್ ಹಿಡಿದುಕೊಂಡು ಬಂದರು.

"ಯಾರೂ ನಲ್ಲಿ ಮುಟ್ಬೇಡಿ. ಮೊದ್ಲು ಮೇನ್ ಆಫ್ ಮಾಡಿ."

ಬಚ್ಚಲಿಗೆ ಬಂದು ಗೀಸರನ್ನು ನೋಡಿದವರು ವಾಲ್ವಿನ ಬಾಯಿಗೆ ಬೆರಳು ತೋರಿಸಿದರು. "ಇದಕ್ಕೆ ಬೆಣೆ ಹೊಡೆದಿದ್ದು ಯಾರು ದೇವೀರಪ್ಪಣ್ಣ?"

"ನಾನೇ. ನೀರು ಸುಮ್ನೆ ಪೋಲಾಗ್ತಿತ್ತು."

"ಕುಕ್ಕರ್ ಸೀಟಿ ಹೊಡೀತದೆ ಅಂತ ಅದರ ಬಾಯಿಗೂ ಬೆಣೆ ಹೊಡೀತೀರಾ?"

"ಅದು ಬೇರೆ, ಇದು ಬೇರೆ ಟೀಚರಮ್ಮ."

"ಎಂತ ಬೇರೆ ಮಾರಾಯ್ರೇ? ಎರಡೂ ಒಂದೇ. ನೀರು ಕಾಯ್ದಾಗ ಹಿಗ್ಗುತ್ತೆ. ಆ ಒತ್ತಡ ಹೊರಗೆ ಹೋಗೋಕೆ ಇದೊಂದು ದಾರಿ. ಕಾಯೋವಾಗ ನಾಕು ಹನಿ ಬಿದ್ರೆ ವಾಲ್ವ್ ಕೆಲ್ಸ ಮಾಡ್ತಿದೆ ಅಂತ ಅರ್ಥ. ನೀರು ಬಿಸಿಯಾದ ಮೇಲೆ ತಾನಾಗೇ ಆಫ್ ಆಗೋ ಥರ್ಮೋಸ್ಟಾಟ್ ಒಂದಿನ ಕೆಟ್ಟೋಯ್ತು ಅಂದ್ಕೊಳ್ಳಿ. ನೀರು ಕುದೀತಾನೇ ಇರುತ್ತೆ, ದಾರಿ ನೀವು ಮುಚ್ಬುಟ್ಟಿದೀರ. ಟ್ಯಾಂಕ್ ಬಾಂಬಿನಂಗೆ ಸಿಡೀತದೆ."

ದೇವೀರಪ್ಪನವರಿಗೆ ಒಪ್ಪಲು ಮನಸ್ಸಿಲ್ಲ. "ನೀವು ಪಾಠ ಮಾಡೋರು, ಎಲ್ಲದಕ್ಕೂ ಹೆದರಿಸ್ತೀರ. ಇಷ್ಟು ವರ್ಷದಿಂದ ಈ ಮನೇಲಿ ಗೀಸರ್ ಐತೆ. ಯಾರಿಗಾದ್ರೂ ಏನಾದ್ರೂ ಆಗೈತಾ?"

"ಅರ್ತಿಂಗ್ ಉಂಟಾ?"

"ಇಲ್ದೆ ಏನು? ಮೂರು ತೂತಿನ ಪ್ಲಗ್ಗೇ ಐತಲ್ಲ, ನೋಡಿ!"

ಡೆಲ್ಸಿ ಕರೆಂಟ್ ಇಲ್ಲವೆಂದು ಟೆಸ್ಟರಿನಿಂದ ಖಾತ್ರಿ ಮಾಡಿಕೊಂಡು ಪ್ಲಗ್ಗಿನ ಮುಚ್ಚಳ ಬಿಚ್ಚಿದರು. ಮೇಲಿನ ದೊಡ್ಡ ತೂತಿನಿಂದ ಹಸಿರು ವೈರೊಂದು ಹಿಂದಕ್ಕೆ ಹೋಗಿತ್ತು. ಅದನ್ನು ಮೆಲ್ಲಗೆ ಎಳೆದರು. ಗೇಣುದ್ದದ ವೈರು ಪೂರ್ತಿ ಈಚೆ ಬಂದುಬಿಟ್ಟಿತು. ಹಿಂದೆ ವೈರಿಂಗ್ ಮಾಡಿದವರು ಅದರ ತುದಿಗೆ ಟೇಪ್ ಸುತ್ತಿ ಗೋಡೆಯೊಳಗೆ ತುರುಕಿದ್ದರು, ಅಷ್ಟೇ. ಅದು ನೆಲಕ್ಕೂ ಹೋಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ.

"ತೂತು ಮೂರೂ ಅವೆ ಅಣ್ಣ. ಮೂರನೇದರ ಹಿಂದೆ ಏನೂ ಇಲ್ಲ" ಎಂದರು ಡೆಲ್ಸಿ. ಆಮೇಲೆ ಅವರು, ದೇವೀರಪ್ಪನವರೇ ಟೇಪ್ ಸುತ್ತಿದ್ದ ಜೋಡಣೆಯನ್ನು ತೋರಿಸಿದರು. ಹಬೆಗೆ ಒದ್ದೆಯಾಗಿ ಅದು ಲೋಹದ ಪೈಪಿಗೆ ಒರಗಿಕೊಂಡಿತ್ತು. "ಇಲ್ಲಿಂದ ಕರೆಂಟು ಪೈಪಿಗೆ, ಪೈಪಿಂದ ನಲ್ಲಿಗೆ. ಅರ್ತಿಂಗ್ ಇದ್ದಿದ್ರೆ ಅದು ನೆಲಕ್ಕೆ ಇಳಿದು ಹೋಗ್ತಿತ್ತು. ಇಲ್ಲದಿದ್ರೆ ನೀರಲ್ಲಿ ನಿಂತು ಸ್ನಾನ ಮಾಡೋರ ಮೈ ಮೇಲಿಂದಲೇ ಇಳೀಬೇಕು. ಅಕ್ಕನ ಕೈ ಒಣಗಿತ್ತು, ಕಾಲಲ್ಲಿ ಚಪ್ಪಲಿ ಇತ್ತು. ಅದಕ್ಕೆ ಬರೀ ಜುಮ್ ಅಂತು."

ದೇವೀರಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ಕೃತಿಕಾ ಸ್ಕೂಲಿಗೆ ಹೋಗುವಾಗಿನಿಂದ ಇದೇ ನಲ್ಲಿಯ ಕೆಳಗೆ ಹಾಡಿಕೊಂಡು ಸ್ನಾನ ಮಾಡುತ್ತಿದ್ದಳು. ಬೇಗ ಬಾರೇ, ಬಸ್ ಹೋಯ್ತದೆ ಎಂದು ತಾವೇ ಹೊರಗಿನಿಂದ ಕೂಗುತ್ತಿದ್ದರು. ಅದೆಲ್ಲ ಕಣ್ಣ ಮುಂದೆ ಬಂತು.

"ಈ ನಲ್ಲಿ ಕೆಳಗೆ ಬಸುರಿ ಮಗಳನ್ನ ನಿಲ್ಲಿಸ್ತಿದ್ನಲ್ಲಮ್ಮ" ಎಂದರು.

ನಾಗರತ್ನಮ್ಮ ಬೈಯಲಿಲ್ಲ. ಹತ್ತಿರ ಬಂದು ಗಂಡನ ಹೆಗಲ ಮೇಲೆ ಕೈಯಿಟ್ಟು ನಿಂತರು.

"ಏಳಿ ಅಣ್ಣ" ಎಂದರು ಡೆಲ್ಸಿ. "ಮಗಳಿಗೆ ನಿಮ್ಮ ಕೈಯಿಂದಲೇ ಬಿಸಿನೀರು ಆಗ್ಬೇಕು ಅಂತ ಆಸೆ ತಾನೆ? ಅದು ತಪ್ಪಲ್ಲ. ಗೋಡೆ ಕೆಲ್ಸ, ಪೈಪಿನ ಕೆಲ್ಸ ನೀವೇ ಮಾಡಿ, ಚೆನ್ನಾಗೇ ಮಾಡ್ತೀರ. ಕರೆಂಟಿನ ಕೆಲ್ಸ ಮಾತ್ರ ಧರ್ಮನಿಗೆ ಬಿಡಿ. ಫೋನ್ ಕೊಡಿ ಇಲ್ಲಿ."

ವಿಷಯ ಕೇಳಿದ ಧರ್ಮ, ಎಸ್ಟೇಟಿನ ಲೆಕ್ಕ ನೋಡುವ ರೈಟರಿಗೆ ಹೇಳಿ ಮಾರನೆಯ ದಿನವೇ ಬರಲು ಒಪ್ಪಿದ. ಅವನು ಬರುವಷ್ಟರಲ್ಲಿ ದೇವೀರಪ್ಪ ತಮ್ಮ ಪಾಲಿನ ಕೆಲಸವನ್ನು ಮೊದಲಿನಿಂದ ಮಾಡಿದರು. ಗೀಸರ್ ತಣ್ಣಗಾದ ಮೇಲೆ ನಲ್ಲಿ ಬಿಟ್ಟು ಒತ್ತಡ ಇಳಿಸಿ ಅದನ್ನು ಬಿಚ್ಚಿದರು. ಬೆಣೆ ತಿಂದ ವಾಲ್ವನ್ನು ಎಸೆದು ಹೊಸದನ್ನು ತಂದು ಕೂರಿಸಿದರು. ಹಳೆಯ ಕೊಕ್ಕೆಗಳನ್ನು ಡೆಲ್ಸಿ ಹೇಳಿದಂತೆ ಅಲ್ಲಾಡಿಸಿ ನೋಡಿದರೆ ಒಂದು ಕೈಗೇ ಬಂತು. ನೀರು ತುಂಬಿದ ಗೀಸರ್ ಎಂದರೆ ಅರ್ಧ ಮೂಟೆ ಅಕ್ಕಿಯ ಭಾರ. ಗಟ್ಟಿ ಇಟ್ಟಿಗೆ ಇರುವ ಕಡೆ ಹೊಸ ತೂತು ಕೊರೆದು, ದಪ್ಪ ಆಂಕರ್ ಬೋಲ್ಟ್ ಹಾಕಿದರು. ಅದನ್ನು ಹಿಡಿದು ತಾವೇ ಜೋತಾಡಿ ನೋಡಿದರು.

"ಬೋಲ್ಟ್ ಏನೋ ನಿಲ್ತೈತೆ, ನಿಮ್ಮ ಸೊಂಟ ನಿಲ್ಬೇಕಲ್ಲ" ಎಂದು ನಾಗರತ್ನಮ್ಮ ನಕ್ಕರು.

ಧರ್ಮ ಬಂದವನು ಮನೆಯ ಹಿಂದೆ ಗುಂಡಿ ತೆಗೆದು ಅರ್ತಿಂಗ್ ಮಾಡಿದ. ಗೀಸರಿನ ಪಕ್ಕಕ್ಕೆ, ನೀರು ಸಿಡಿಯದ ಎತ್ತರಕ್ಕೆ ಹೊಸ ಪ್ಲಗ್ ಕೊಟ್ಟ. ಈಗ ವೈರಿಗೆ ಜೋಡಣೆಯೇ ಬೇಕಾಗಲಿಲ್ಲ. ಮೇನ್ ಬೋರ್ಡಿಗೆ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನೂ ಕೂರಿಸಿದ. "ಎಲ್ಲಾದ್ರೂ ಕರೆಂಟ್ ಸೋರಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಇದು ಆಫ್ ಆಗ್ಬುಡ್ತದೆ. ತಿಂಗಳಿಗೊಂದ್ ಸಲ ಈ ಟೆಸ್ಟ್ ಬಟನ್ ಒತ್ತಿ ನೋಡಿ. ಬೇಸಿಗೇಲಿ ಅರ್ತಿಂಗ್ ಗುಂಡಿಗೆ ನೀರು ಹಾಕಿ" ಎಂದ.

ದೇವೀರಪ್ಪ ಬಟನ್ ಒತ್ತಿದರು. ಟಕ್ ಎಂದು ಮನೆಯ ಕರೆಂಟೆಲ್ಲ ಹೋಯಿತು. ಹಾಕಿ ಮತ್ತೆ ಒತ್ತಿದರು. ಟಕ್. ಇನ್ನೊಮ್ಮೆ ಕೈ ಮುಂದೆ ಹೋದಾಗ ನಾಗರತ್ನಮ್ಮ ಅಡುಗೆಮನೆಯಿಂದ, "ಮಿಕ್ಸಿ ನಿಂತೋಯ್ತು ಕಣ್ರೀ! ತಿಂಗಳಿಗೊಂದ್ ಸಲ ಅಂದ ಅವನು!" ಎಂದು ಕೂಗಿದರು.

ಕೊನೆಗೆ ಗೀಸರಿಗೆ ನೀರು ಬಿಟ್ಟು, ಬಿಸಿನೀರಿನ ನಲ್ಲಿಯಿಂದ ಗಾಳಿಯಿಲ್ಲದೆ ಧಾರೆ ಬರುವವರೆಗೆ ಕಾದು, ಆಮೇಲೆ ಸ್ವಿಚ್ ಹಾಕಿದರು. ಖಾಲಿ ಗೀಸರಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ ಎಂದು ಡೆಲ್ಸಿ ಎಚ್ಚರಿಸಿದ್ದರು. ವಾಲ್ವಿನಿಂದ ಹನಿ ಬಿದ್ದಾಗ ದೇವೀರಪ್ಪ ಅದಕ್ಕೊಂದು ಸಣ್ಣ ಪೈಪು ಸಿಕ್ಕಿಸಿ ಬಚ್ಚಲ ಮೋರಿಗೆ ಬಿಟ್ಟರು.

ಕೃತಿಕಾ ಬಂದ ದಿನ, ಅವಳು ಸ್ನಾನಕ್ಕೆ ಹೋದರೆ ಅಪ್ಪ ಬಾಗಿಲ ಹೊರಗೇ ನಿಂತಿದ್ದರು.

"ಮಗಳೇ, ಸ್ವಿಚ್ ಆಫ್ ಮಾಡ್ಕೊಂಡ್ಯಾ?"

"ಮಾಡಿದೀನಪ್ಪ."

"ನೀರು ಹದವಾಗೈತಾ?"

"ಐತಪ್ಪಾ. ನೀನು ಹೋಗಿ ಕಾಫಿ ಕುಡಿ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ನೀರು ಸುರಿಯುವ ಸದ್ದಿನ ಜೊತೆ ಹಾಡು ಕೇಳಿಸಿತು. ಆಗ ದೇವೀರಪ್ಪ ಕಾಫಿಗೆ ಹೋದರು.

ಹೆಣ್ಣು ಮಗು ಹುಟ್ಟಿತು. ಮಗು ನೋಡಲು ಬಂದ ನೆಂಟರನ್ನೆಲ್ಲ ದೇವೀರಪ್ಪ ಮೊದಲು ಬಚ್ಚಲಿಗೆ ಕರೆದೊಯ್ದು ಗೀಸರ್ ತೋರಿಸಿದರು. ಕೆ. ಹೊಸಕೋಟೆಯ ಭಾಮೈದನ ಮನೆಗೆ ಹೋದಾಗಲಂತೂ ಕಾಲು ತೊಳೆಯುವ ಮೊದಲೇ, "ನಿಮ್ಮನೆ ಅರ್ತಿಂಗ್ ಎಲ್ಲೈತೆ ತೋರ್ಸು" ಎಂದರು. ಅವನು ತಲೆ ಕೆರೆದುಕೊಂಡ. ಅಲ್ಲಿಯೂ ವಾಲ್ವಿಗೆ ಬಟ್ಟೆ ಬಿಗಿದು ಕಟ್ಟಿತ್ತು. ಅದನ್ನು ಬಿಚ್ಚಿಸಿ, ಎಲೆಕ್ಟ್ರೀಷಿಯನ್ನಿಗೆ ಫೋನ್ ಮಾಡಿಸಿದ ಮೇಲೆಯೇ ಅವರು ಊಟಕ್ಕೆ ಕುಳಿತಿದ್ದು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ನಿಮ್ಮ ಬಚ್ಚಲಿಗೂ ಒಮ್ಮೆ ಹೋಗಿ ಬನ್ನಿ. ಗೀಸರಿನ ವಾಲ್ವಿಗೆ ಯಾರಾದರೂ ಬೆಣೆ ಹೊಡೆದಿದ್ದಾರಾ, ವೈರಿಗೆ ಎಲ್ಲಾದರೂ ಟೇಪ್ ಸುತ್ತಿದೆಯಾ, ಗೋಡೆಯ ಕೊಕ್ಕೆ ಗಟ್ಟಿಯಾಗಿದೆಯಾ ನೋಡಿ. ಮೂರನೇ ವೈರು ನಿಜವಾಗಿ ನೆಲದವರೆಗೆ ಹೋಗಿದೆಯಾ ಎಂಬುದನ್ನು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನಿನಿಂದಲೇ ಪರೀಕ್ಷೆ ಮಾಡಿಸಿ. ಗೀಸರನ್ನು ನೀವೇ ಬದಲಾಯಿಸುವುದಾದರೆ ಮೊದಲು ಮೇನ್ ಆಫ್ ಮಾಡಿ. ನಲ್ಲಿ ಮುಟ್ಟಿದಾಗ ಜುಮ್ ಎಂದರೆ ಅದು ಚಳಿಯಲ್ಲ, ಕರೆಂಟು. ಆ ಗೀಸರನ್ನು ಅಲ್ಲಿಗೇ ನಿಲ್ಲಿಸಿ. ಎಲೆಕ್ಟ್ರೀಷಿಯನ್ ನಾಲ್ಕು ದಿನ ಬಿಟ್ಟು ಬರುತ್ತೇನೆಂದರೆ ನಾಲ್ಕು ದಿನ ಕಾಯಿರಿ. ಅಲ್ಲಿಯವರೆಗೆ ನಿಮ್ಮ ಮಕ್ಕಳಿಗೆ ಒಲೆಯ ಮೇಲೆಯೇ ನೀರು ಕಾಯಿಸಿ ಕೊಡಿ.