ಕನ್ನಡಿ ಮೇಸ್ತ್ರಿಯ ಕರಿ ಗಾಡಿ

"ಇನ್ಮೇಲೆ ಕರಿ ಗಾಡಿಗಳನ್ನ ನಿನ್ನ ತಮ್ಮ ನೋಡ್ಕೋತಾನೆ" ಎಂದು ಅಪ್ಪ ಹೇಳಿದಾಗ ಅವಳು ಬಕೆಟ್ಟಿನ ಮೇಲೆ ಬಗ್ಗಿ ಕಾರು ಒರೆಸುವ ಬಟ್ಟೆ ಹಿಂಡುತ್ತಿದ್ದಳು. ನೀರೆಲ್ಲ ಇಳಿದುಹೋದ ಮೇಲೂ ಹಿಂಡುತ್ತಲೇ ಇದ್ದಳು.

"ಮತ್ತೆ ನಾನು?"

"ನೀನು ತೊಳಿ, ಒರೆಸು. ಬಿಳಿ ಗಾಡಿ, ಬೂದು ಗಾಡಿ ಮಾಡು. ಬೇಡ ಅಂದೋರು ಯಾರು? ಕರಿ ಬಣ್ಣಕ್ಕೆ ಹಗುರ ಕೈ ಬೇಕು ಕಣೇ. ನಿಂದು ಭಾರ. ಚಿಕ್ಕೋಳಿದ್ದಾಗಿಂದ ಬಡ್ಕೋತಾ ಇದ್ದೀನಿ."

ತಮ್ಮ ಬಾಗಿಲಿಗೆ ಒರಗಿ ನಿಂತು ಬೂಟಿನ ತುದಿ ನೋಡಿಕೊಳ್ಳುತ್ತಿದ್ದ. ಟೈರಂಗಡಿಯಲ್ಲಿ ಜಗಳ ಮಾಡಿಕೊಂಡು ಕೆಲಸ ಬಿಟ್ಟು ಬಂದು ತಿಂಗಳೂ ಆಗಿರಲಿಲ್ಲ. "ನಾನೇನು ಕೇಳಿರ್ಲಿಲ್ಲ ಅಕ್ಕ" ಎಂದ. ಅದು ನಿಜವೇ ಆಗಿತ್ತು. ಅವನು ಯಾವತ್ತೂ ಏನನ್ನೂ ಕೇಳಿದವನಲ್ಲ. ಕೇಳುವ ಮೊದಲೇ ಅವನ ತಟ್ಟೆಗೆ ಬಂದು ಬೀಳುತ್ತಿತ್ತು.

ಅಪ್ಪನನ್ನು ಊರೆಲ್ಲ ಕನ್ನಡಿ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಕಾರಿಗೆ ಪಾಲಿಶ್ ಹಾಕುವವರು ಬೀದಿಗೊಬ್ಬರು ಸಿಗುತ್ತಾರೆ. ಕರಿ ಕಾರನ್ನು ಕನ್ನಡಿ ಮಾಡುವವರು ಸಿಗುವುದಿಲ್ಲ. ಬೇರೆ ಬಣ್ಣಗಳು ಗೀರನ್ನೂ ಧೂಳನ್ನೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತವೆ. ಕಪ್ಪು ಚಾಡಿಕೋರ. ಒರಟು ಬಟ್ಟೆಯಲ್ಲಿ ಒಮ್ಮೆ ಒರೆಸಿದರೂ ಸಾಕು, ಬಿಸಿಲಿಗೆ ನಿಂತಾಗ ಜೇಡರ ಬಲೆಯಂಥ ಗೆರೆಗಳನ್ನು ಎತ್ತಿ ತೋರಿಸುತ್ತದೆ. ಮೊದಲು ಗೀರು ತೆಗೆಯುವ ಪೇಸ್ಟ್ ಹಾಕಿ ಮೆಷಿನ್ ಆಡಿಸಬೇಕು. ಆ ಮೆಷಿನ್ ಉಳಿಸಿದ ಸುತ್ತು ಸುತ್ತು ಗೆರೆಗಳನ್ನು ಮೆತ್ತನೆಯ ಪ್ಯಾಡಿನಿಂದ ತೆಗೆಯಬೇಕು. ಆಮೇಲೆ ವ್ಯಾಕ್ಸ್. ನಡುವಿನ ಆ ಸುತ್ತುಗಳು ಹೋದವೋ ಇಲ್ಲವೋ ಎಂದು ಹೇಳಬೇಕಾದದ್ದು ಕಣ್ಣು. ಬೆರಳಿಗೆ ಅವು ಸಿಗುವುದಿಲ್ಲ.

ಅಪ್ಪನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು.

ಆಪರೇಷನ್ ಎಂದರೆ ಸಾಕು, ಅವರು ಊಟದ ತಟ್ಟೆ ತಳ್ಳಿ ಏಳುತ್ತಿದ್ದರು. ಮೊದಲ ಸಲ ಒಂದು ಕರಿ ಗಾಡಿಯ ಬಾನೆಟ್ಟಿನ ತುಂಬ ಮೆಷಿನ್ನಿನ ಗುರುತು ಉಳಿದಾಗ ಅದನ್ನು ಕಂಡವಳು ಅವಳೇ. ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಅವಳ ಮೊಣಕೈ ಹಿಡಿದುಕೊಂಡು, "ಸರಿ ಮಾಡಿಬಿಡೇ. ಅವರಿಗೆ ಗೊತ್ತಾಗೋದು ಬೇಡ" ಎಂದಿದ್ದರು. ಅವಳು ಸರಿ ಮಾಡಿದಳು. ಅಂದಿನಿಂದ ಅಪ್ಪ ಮುಗಿಸಿ ಮಲಗಿದ ಪ್ರತಿ ಕರಿ ಗಾಡಿಯನ್ನೂ ಅವಳು ಮತ್ತೆ ಮಾಡುತ್ತಿದ್ದಳು. ಶೆಟರ್ ಅರ್ಧ ಎಳೆದು, ಅಮ್ಮನನ್ನು ಮನೆಯ ಕಡೆಗಿನ ಹಿಂಬಾಗಿಲಲ್ಲಿ ಕಾವಲಿಗೆ ಕೂರಿಸಿ ಮಾಡುತ್ತಿದ್ದಳು. ಅಪ್ಪ ಮಗ್ಗುಲು ಬದಲಿಸಿದರೆ ಅಮ್ಮ ಕೆಮ್ಮುತ್ತಿದ್ದರು, ಇವಳು ಮೆಷಿನ್ ಆರಿಸುತ್ತಿದ್ದಳು. ಸಂಜೆ ಗಿರಾಕಿ ಬಂದು ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಹಲ್ಲು ಕಿರಿದಾಗ ಅಪ್ಪ, "ನಲವತ್ತು ವರ್ಷದ ಕೈ ಸ್ವಾಮಿ" ಎನ್ನುತ್ತಿದ್ದರು. ಅವಳು ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು.

ನಿಜ ಹೇಳಬೇಕೆಂದರೆ ಆ ಮೂಲೆಯಲ್ಲಿ ಅವಳಿಗೊಂದು ಗುಟ್ಟಿನ ಸುಖವೂ ಇತ್ತು. ಮದುವೆಯಾಗಿ ಹೋದ ಮನೆ ಎರಡೇ ಬೀದಿ ಆಚೆ. ದಿನಾ ಅಲ್ಲಿಂದ ಎದ್ದು ಬರುವಾಗ, ತಾನಿಲ್ಲದಿದ್ದರೆ ಈ ಶೆಡ್ ನಡೆಯುವುದಿಲ್ಲ ಎಂಬ ಬೆಚ್ಚನೆಯ ನಂಬಿಕೆಯೊಂದು ಎದೆಯೊಳಗೆ ಕೂತಿರುತ್ತಿತ್ತು. ಒಂದಲ್ಲ ಒಂದು ದಿನ ಅಪ್ಪ ತಾವಾಗಿ ಮೆಷಿನ್ ಅವಳ ಕೈಗೆ ಕೊಡುತ್ತಾರೆ ಎಂದುಕೊಂಡಿದ್ದಳು. ಕೈಯ ಗುರುತೇ ಉಳಿಯದಂತೆ ಕೆಲಸ ಮಾಡಿದವಳನ್ನು ಯಾರಾದರೂ ಹೇಗೆ ಗುರುತಿಸಬೇಕು ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. ಕಿವಿ ಬಿಸಿಯಾಯಿತು.

ಅವತ್ತು ಶೆಡ್ಡಿನಲ್ಲಿದ್ದದ್ದು ವಕೀಲರ ಉದ್ದನೆಯ ಕರಿ ಕಾರು. ಅಪ್ಪ ಬೆಳಗಿನಿಂದ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಪಾಠ ಮಾಡುತ್ತ ಪಾಲಿಶ್ ಮುಗಿಸಿ, ವ್ಯಾಕ್ಸ್ ಹಚ್ಚಿ ಒರೆಸಿದರು. ಟ್ಯೂಬ್‌ಲೈಟಿನ ಕೆಳಗೆ ಕಾರು ಥಳಥಳ ಎನ್ನುತ್ತಿತ್ತು. "ನೋಡಿದ್ಯಾ?" ಎಂದು ಅಪ್ಪ ಕೇಳಿದರು. "ಸೂಪರ್ ಅಪ್ಪ" ಎಂದ ತಮ್ಮ. ಅವಳು ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಳು. ಬಾನೆಟ್ಟಿನಿಂದ ಹಿಡಿದು ಹಿಂದಿನ ಬಾಗಿಲವರೆಗೆ ಸುತ್ತಿನ ಮೇಲೆ ಸುತ್ತು. ಟಾರ್ಚ್ ಆರಿಸಿ ಜೇಬಿಗೆ ಹಾಕಿದಳು.

ಊಟವಾಗಿ ಅಪ್ಪ ಮಲಗಿದರು. ತಮ್ಮ ಸಿಗರೇಟಿಗೆಂದು ಹೊರಗೆ ಹೋದ. ಅಮ್ಮ ಟೀ ಲೋಟ ಹಿಡಿದು ಶೆಡ್ಡಿಗೆ ಬಂದರೆ, ಮಗಳು ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ಇನ್ನೂ ಶುರು ಮಾಡಿಲ್ವಾ? ವಕೀಲರು ಬರೋ ಹೊತ್ತಾಯ್ತು."

"ಬರ್ಲಿ."

"ಏನೇ ಹಂಗಂದ್ರೆ?"

"ಕರಿ ಗಾಡಿ ತಮ್ಮನದ್ದಲ್ವಾಮ್ಮ. ಅವನನ್ನೇ ಕರಿ."

ಅಮ್ಮ ಲೋಟವನ್ನು ಬೆಂಚಿನ ಮೇಲೆ ಇಟ್ಟರು. "ಹಟ ಮಾಡೋ ವಯಸ್ಸಾ ನಿಂದು? ನಿನ್ನ ಮಗಳು ಕಾಲೇಜಿಗೆ ಹೋಗ್ತಾಳೆ. ಇದೊಂದು ಗಾಡಿ ಮಾಡ್ಬಿಡು, ಆಮೇಲೆ ನಾನು ಅವರ ಹತ್ರ ಮಾತಾಡ್ತೀನಿ."

"ಏನಂತ ಮಾತಾಡ್ತೀಯ?"

ಅಮ್ಮ ಸೆರಗಿನ ತುದಿಯಿಂದ ಕಾರಿನ ಬಾಗಿಲು ಒರೆಸಲು ಹೋದರು. ಅವಳು, "ಮುಟ್ಬೇಡ, ಗೀರಾಗುತ್ತೆ" ಎಂದು ಗದರಿದಳು. ಆ ಗದರಿಕೆ ಬಾಯಿಂದ ತಾನಾಗಿ ಬಂತು. ಇಷ್ಟು ಸಿಟ್ಟಿನಲ್ಲೂ ಕಾರನ್ನು ಕಾಯುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

"ಈ ವಯಸ್ಸಲ್ಲಿ ಅವರ ಮರ್ಯಾದೆ ಬೀದಿಪಾಲು ಮಾಡ್ತೀಯಾ?"

"ನನ್ನ ಮರ್ಯಾದೆ?"

"ನಿಂದು ಯಾರು ಕೇಳ್ತಾರೆ ಬಿಡೇ" ಎಂದರು ಅಮ್ಮ. ಚುಚ್ಚಬೇಕೆಂದು ಹೇಳಿದ್ದಲ್ಲ. ಮಳೆ ನಿಂತಿದೆ ಎಂದು ಹೇಳುವಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ಮುಂದೆ ಅಮ್ಮ ಬೇಡಿಕೊಂಡದ್ದು, ಅತ್ತದ್ದು, "ಕಲ್ಲು ಕಣೇ ನೀನು" ಎಂದು ಬೈದು ಒಳಗೆ ಹೋದದ್ದು ಯಾವುದೂ ಅವಳಿಗೆ ತಾಗಲಿಲ್ಲ. ಟೀ ಕೆನೆಗಟ್ಟಿತು. ಅವಳು ಏಳಲಿಲ್ಲ.

ವಕೀಲರು ಬಂದರು. ಅಪ್ಪ ಮುಖ ತೊಳೆದು, ಕ್ರಾಪು ತೀಡಿಕೊಂಡು ಎದುರುಗೊಂಡರು. "ಗಾಡಿ ಬಿಸಿಲಿಗೆ ತೆಗಿಯೋ. ಕರಿ ಗಾಡೀನ ನೆರಳಲ್ಲಿ ನೋಡ್ಬಾರದು ಸರ್" ಎಂದು ಮಗನಿಗೂ ವಕೀಲರಿಗೂ ಹೇಳಿದರು. ತಮ್ಮ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿ ಕೀಲಿಯನ್ನು ವಕೀಲರಿಗೆ ಕೊಟ್ಟ.

ಬಿಸಿಲು ಬಾನೆಟ್ಟಿನ ಮೇಲೆ ಬಿತ್ತು. ಸುತ್ತುಗಳೆಲ್ಲ ಒಮ್ಮೆಗೇ ಎದ್ದು ಬಂದವು. ಎಣ್ಣೆ ಹಚ್ಚಿದ ಬಾಣಲಿಯನ್ನು ಮರಳಲ್ಲಿ ತಿಕ್ಕಿದಂತಿತ್ತು.

ಅಪ್ಪ ಮುಗುಳ್ನಗುತ್ತ ನಿಂತಿದ್ದರು. ವಕೀಲರು ಒಂದು ಸುತ್ತು ಬಂದರು. "ಮೇಸ್ತ್ರಿ, ತಮಾಷೇನಾ ಇದು? ಗಾಡಿ ಕೊಟ್ಟಾಗ ಇದಕ್ಕಿಂತ ಚೆನ್ನಾಗಿತ್ತಲ್ರೀ."

ಅಪ್ಪ ಬಗ್ಗಿದರು. ಕಣ್ಣು ಕಿರಿದು ಮಾಡಿದರು. ಬಾನೆಟ್ಟಿನ ಮೇಲೆ ಅಂಗೈ ಆಡಿಸಿದರು. ಕೈಗೆ ಸಿಕ್ಕಿದ್ದು ಬರೀ ನುಣುಪು. ಒಂದು ಕ್ಷಣ ಅವರ ಮುಖದಲ್ಲಿ ದಾರಿ ತಪ್ಪಿದವರ ಗಾಬರಿ ಕಂಡಿತು. ಅವಳು ಅವರತ್ತ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಅವರು ಸೆಟೆದು ನಿಂತು ಅವಳತ್ತ ತಿರುಗಿದರು.

"ಇವಳು ಕೈ ಹಾಕಿರ್ಬೇಕು ಸರ್. ನಾನು ಮಲಗಿದ್ದಾಗ ಏನೋ ಮಾಡಿದ್ದಾಳೆ. ಬೇಡ ಅಂದ್ರೂ ಕೇಳಲ್ಲ."

ಅವಳ ಹೆಜ್ಜೆ ಅಲ್ಲೇ ನಿಂತಿತು.

"ಇಲ್ಲ ಅಪ್ಪ" ಎಂದಳು ಅವಳು. ದನಿ ಏರಲಿಲ್ಲ. "ಇದೊಂದನ್ನ ನಾನು ಮುಟ್ಟಿಲ್ಲ. ನೀವು ಬಿಟ್ಟ ಹಾಗೇ ಇದೆ."

"ಇದೊಂದನ್ನ ಅಂದ್ರೆ?"

"ಹಿಂದಿನ ಎಲ್ಲಾನೂ ನೀವು ಮಲಗಿದ ಮೇಲೆ ನಾನೇ ಮತ್ತೆ ಮಾಡಿದ್ದು. ಕಣ್ಣಿಗೆ ಪೊರೆ ಬಂದಾಗಿಂದ."

ಅಪ್ಪ ನಕ್ಕರು. ಸಾಕ್ಷಿಗೆಂಬಂತೆ ಹೆಂಡತಿಯತ್ತ ತಿರುಗಿದರು. ಅಮ್ಮ ಹಿಂಬಾಗಿಲಲ್ಲಿ ನಿಂತಿದ್ದರು. "ರೀ" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ನಗು ಅಪ್ಪನ ಮುಖದಿಂದ ಜಾರಲು ತುಸು ಹೊತ್ತು ಹಿಡಿಯಿತು.

"ಇಬ್ರೂ ಸೇರಿ ನನ್ನ ನೋಡಿ ನಗ್ತಿದ್ರಾ?"

"ನಗೋಕೆ ಪುರುಸೊತ್ತೆಲ್ಲಿತ್ತಪ್ಪ" ಎಂದಳು ಮಗಳು.

ವಕೀಲರಿಗೆ ಬೇರೆಯವರ ಮನೆ ಜಗಳ ಹೊಸದೇನಲ್ಲ. ಕಾರಿನ ಕೀಲಿ ಕುಲುಕುತ್ತ, "ಈಗ ಗಾಡಿ ಯಾವಾಗ ಅಂತ ಯಾರನ್ನ ಕೇಳ್ಲಿ ನಾನು?" ಎಂದರು.

ತಮ್ಮ ಅಪ್ಪನನ್ನು ನೋಡಿದ. ಅಪ್ಪ ಗೋಡೆಯನ್ನು ನೋಡುತ್ತಿದ್ದರು.

"ನನ್ನನ್ನ ಕೇಳಿ" ಎಂದಳು ಅವಳು. "ನಾಳೆ ಮಧ್ಯಾಹ್ನ ಬನ್ನಿ. ಬಿಸಿಲಲ್ಲೇ ನೋಡ್ಕೊಂಡು ತಗೊಂಡು ಹೋಗಿ."

ಅವರು ಕೀಲಿಯನ್ನು ಅವಳ ಕೈಗೆ ಕೊಟ್ಟು ಹೋದರು. ಕಾರು ಮತ್ತೆ ಒಳಗೆ ಬಂತು. ಅವಳು ಶೆಟರನ್ನು ಪೂರ್ತಿ ಮೇಲಕ್ಕೆ ತಳ್ಳಿದಳು. ಬೀದಿಯಲ್ಲಿ ಹೋಗುವವರು ಇಣುಕಿ ನೋಡುವಷ್ಟು ತೆರೆದಳು. ತಮ್ಮನ ಕೈಗೆ ಟಾರ್ಚ್ ಕೊಟ್ಟು, "ಓರೆಯಾಗಿ ಹಿಡಿ. ನೆಟ್ಟಗೆ ಹಿಡಿದ್ರೆ ಏನೂ ಕಾಣಲ್ಲ" ಎಂದಳು. ಕಾರಿನ ಮೇಲಿನ ವ್ಯಾಕ್ಸ್ ತೆಗೆದು, ಮೆಷಿನ್ನಿಗೆ ಮೆತ್ತನೆಯ ಪ್ಯಾಡ್ ಹಾಕಿದಳು. ಒಳಗೆ ಏನೂ ತಣ್ಣಗಾಗಿರಲಿಲ್ಲ. ಎರಡು ವರ್ಷದ ಮಧ್ಯಾಹ್ನಗಳು ಒಂದೊಂದಾಗಿ ಎದ್ದು ಬರುತ್ತಿದ್ದವು.

ಅಪ್ಪ ಒಳಗೆ ಹೋಗಲಿಲ್ಲ. ಕಾರಿನ ಮೂತಿಯ ಎದುರಿಗೇ ಕುರ್ಚಿ ಹಾಕಿ, ತೋಳು ಕಟ್ಟಿ ಕೂತರು. ಎದ್ದು ಹೋಗೆನ್ನುವ ಧೈರ್ಯ ಯಾರಿಗಿದೆ ನೋಡೋಣ ಎಂಬಂತೆ ಕೂತರು.

"ಅಪ್ಪ, ಕುರ್ಚಿ ಹಿಂದಕ್ಕೆ ತಗೊಳ್ಳಿ. ನಾನು ಅಲ್ಲಿ ನಿಲ್ಬೇಕು."

ಅವರು ಅಲ್ಲಾಡಲಿಲ್ಲ. ಹಿಂಬಾಗಿಲಲ್ಲಿ ಅಮ್ಮ ಕೆಮ್ಮಿದರು. ಮಗಳು ಆ ಕಡೆ ತಿರುಗಿಯೂ ನೋಡದೆ ಮೆಷಿನ್ ಹಿಡಿದು ಕಾದಳು.

ಬಹಳ ಹೊತ್ತಿನ ಮೇಲೆ ಕುರ್ಚಿಯ ಕಾಲು ನೆಲಕ್ಕೆ ಕಿರ್ರೆಂದು ಉಜ್ಜಿತು. ಗೇಣುದ್ದ ಹಿಂದೆ ಸರಿಯಿತು.

"ಇನ್ನೂ" ಎಂದಳು.