ಶಂಕ್ರವ್ವನ ಲಾಗಿನ್

ನನಗೆ ಬಾರದ ಕೆಲಸಗಳು ಎರಡೇ. ಒಂದು, ಚಪಾತಿಯನ್ನು ದುಂಡಗೆ ಲಟ್ಟಿಸುವುದು. ಇನ್ನೊಂದು, ತಪ್ಪಾಯಿತು ಅನ್ನುವುದು. ಮಿಕ್ಕಿದ್ದೆಲ್ಲ ಬರುತ್ತದೆ, ಅದರಲ್ಲೂ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಅಂದರೆ ಕಣ್ಣು ಕಟ್ಟಿ ಕೂರಿಸಿದರೂ ಮಾಡಿ ಎದ್ದು ಬರುತ್ತೇನೆ. ಬೆಂಗಳೂರಿನ ಸುದ್ದಗುಂಟೆಪಾಳ್ಯದ ನಮ್ಮ ಮನೆಯ ಮಹಡಿ ಕೋಣೆಯೇ ನನ್ನ ಕಂಪನಿ. ಅದರ ಮಾಲೀಕಳು, ಇಂಜಿನಿಯರು, ಕಸ ಗುಡಿಸುವವಳು ಎಲ್ಲವೂ ಲತಾಮಣಿ ಎಂಬ ನಾನೇ. ಜಂಬ ಅನ್ನುತ್ತೀರೇನೋ. ಅನ್ನಿ, ಪರವಾಗಿಲ್ಲ.

ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನವರು ಬಟ್ಟೆಯ ದೋಷ ಹಿಡಿಯುವ ಯಂತ್ರ ಮಾಡಿಕೊಡಿ ಎಂದು ಬಂದಿದ್ದರು. ರೋಲರಿನ ಮೇಲೆ ಬಟ್ಟೆ ಹರಿಯುತ್ತದೆ, ಮೇಲಿನ ಕ್ಯಾಮೆರಾ ನೋಡುತ್ತದೆ, ತೂತು, ಗಂಟು, ಎಣ್ಣೆಕಲೆ ಕಂಡಲ್ಲಿ ಕಂಪ್ಯೂಟರು ಕೆಂಪು ಚೌಕ ಹಾಕುತ್ತದೆ. ಅಷ್ಟು ಬೇಗ ನೋಡಿ ಹೇಳಲು ಕಂಪ್ಯೂಟರಿನ ಮಾಮೂಲಿ ಮಿದುಳು ಸಾಲದು. ಗೇಮ್ ಆಡುವ ಹುಡುಗರು ಆಸೆಪಡುತ್ತಾರಲ್ಲ, ಅಂಥ ಗ್ರಾಫಿಕ್ಸ್ ಕಾರ್ಡ್ ಬೇಕು; ಆ ಕಾರ್ಡಿನಿಂದ ಲೆಕ್ಕ ಮಾಡಿಸಲು ರಾಕ್‌ಎಮ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಬೇಕು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಕಿಕೊಳ್ಳುವುದು ಮಾತ್ರ ಮದುವೆ ಮನೆಯ ಶಾಸ್ತ್ರದ ಹಾಗೆ: ಲಿನಕ್ಸಿನ ಆವೃತ್ತಿ ಇಂಥದ್ದೇ ಆಗಬೇಕು, ಕಾರ್ಡನ್ನು ಎಬ್ಬಿಸುವ ಡ್ರೈವರ್ ತಂತ್ರಾಂಶ ಆಮೇಲೆ, ಉಳಿದದ್ದು ಅದರ ಹಿಂದೆ. ಹಿಂದುಮುಂದಾದರೆ ಯಾರಾದರೊಬ್ಬರು ಮುನಿಸಿಕೊಳ್ಳುತ್ತಾರೆ.

ಯಾವುದು ದೋಷ, ಯಾವುದಲ್ಲ ಎಂದು ಯಂತ್ರಕ್ಕೆ ಕಲಿಸಲು ಕಾರ್ಖಾನೆಯವರು ಶಂಕ್ರವ್ವನನ್ನು ಕಳಿಸಿಕೊಟ್ಟರು. ವಯಸ್ಸು ನಲವತ್ತೇಳು, ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ಮನೆ. ಬೆಳಕಿನ ಮೇಜಿನ ಮೇಲೆ ಬಟ್ಟೆ ಹಾಸಿ ದೋಷ ಹುಡುಕುವುದರಲ್ಲಿ ಆಕೆಯನ್ನು ಮೀರಿಸುವವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ನಾಲ್ಕು ತಿಂಗಳು ನನ್ನ ಪಕ್ಕ ಕೂತು, ಹನ್ನೊಂದು ಸಾವಿರ ಫೋಟೊಗಳ ಮೇಲೆ ಒಂದೊಂದಾಗಿ ಗುರುತು ಹಾಕಿದಳು. ನಾನು ತೂತು ಅಂದರೆ, ‘ತೂತಲ್ರೀ ಅದು, ನೂಲಿನ ಗಂಟು. ತೂತಿಗೆ ಅಂಚು ಇರ್ತೈತಿ’ ಎಂದು ನನ್ನನ್ನೇ ತಿದ್ದುತ್ತಿದ್ದಳು. ನನ್ನನ್ನು ತಿದ್ದಿಯೂ ನನ್ನಿಂದ ಬೈಸಿಕೊಳ್ಳದವರು ಅಪರೂಪ. ಆಕೆ ನನಗೆ ಇಷ್ಟವಾಗಿಬಿಟ್ಟಳು.

ಮೂರನೆಯ ವಾರ ಬುತ್ತಿ ಬಿಚ್ಚಿದಾಗ ನಿಜ ಹೇಳಿದಳು. ಹತ್ತಿರದ್ದು ಮಂಜಾಗಿ ಕಾಣುತ್ತಿದೆ, ಕನ್ನಡಕ ಹಾಕಿದರೂ ಸಣ್ಣ ನೂಲು ಕೈಗೆ ಸಿಗುತ್ತದೆಯೇ ಹೊರತು ಕಣ್ಣಿಗೆ ಸಿಗುವುದಿಲ್ಲ. ಎರಡು ರೋಲಿನ ದೋಷ ಕಣ್ತಪ್ಪಿಹೋಗಿ ಮ್ಯಾನೇಜರಿಗೂ ಗೊತ್ತಾಗಿದೆ. ದೊಡ್ಡ ಪರದೆಯ ಮೇಲಾದರೆ ಎಲ್ಲವೂ ಕಾಣುತ್ತದೆ. ಆದ್ದರಿಂದ ಆಕೆಯೇ ಬಾಯಿಬಿಟ್ಟು ಕೇಳಿದ್ದಳು, ಯಂತ್ರ ಬಂದ ಮೇಲೆ ನಾನೇ ನಡೆಸುತ್ತೇನೆ ಎಂದು. ಮ್ಯಾನೇಜರ್ ಬಸವಪ್ರಸಾದ್ ಒಂದು ಷರತ್ತು ಹಾಕಿದ್ದರು. ಕಾರ್ಖಾನೆಯಲ್ಲಿ ಯಂತ್ರ ಕೂರಿಸಿದ ವಾರದ ಶನಿವಾರ ಹನ್ನೊಂದು ಗಂಟೆಗೆ ಅವರೆದುರು, ತನ್ನದೇ ಲಾಗಿನ್‌ನಲ್ಲಿ, ಯಾರ ಸಹಾಯವೂ ಇಲ್ಲದೆ ನಡೆಸಿ ತೋರಿಸಬೇಕು. ಯಾವ ರೋಲನ್ನು ಯಾರು ಪಾಸ್ ಮಾಡಿದರು ಎಂದು ಬಟ್ಟೆ ಕೊಳ್ಳುವವರು ದಾಖಲೆ ಕೇಳುತ್ತಾರೆ, ಹಾಗಾಗಿ ಇನ್ನೊಬ್ಬರ ಲಾಗಿನ್ ನಡೆಯುವುದಿಲ್ಲ. ಆಗದಿದ್ದರೆ ಯಂತ್ರ ಸೂಪರ್‌ವೈಸರ್ ಮುತ್ತುರಾಜನಿಗೆ, ಶಂಕ್ರವ್ವ ಅದರ ಮರು ಸೋಮವಾರದಿಂದ ಪ್ಯಾಕಿಂಗಿಗೆ.

‘ಪ್ಯಾಕಿಂಗ್‌ನ್ಯಾಗ ಬಟ್ಟಿ ಮುಟ್ಟೂದಿಲ್ರೀ. ಬರೇ ಡಬ್ಬಿ’ ಅಂದಳು. ಡಬ್ಬಿ ಎನ್ನುವಾಗ ಆಕೆಯ ದನಿ ಬಿದ್ದುಹೋಯಿತು. ‘ನಾನಿದೀನಿ, ತಲೆ ಕೆಡಿಸ್ಕೋಬೇಡಿ’ ಎಂದೆ. ನಾನು ಯಾರಿಗಾದರೂ ಮಾತು ಕೊಡುವಾಗ ಯೋಚನೆಯನ್ನು ಆಮೇಲಕ್ಕೆ ಇಟ್ಟುಕೊಳ್ಳುತ್ತೇನೆ.

ಅಲ್ಲಿಂದ ಮುಂದೆ ನನ್ನ ಕೋಣೆಯ ಕಂಪ್ಯೂಟರಿನಲ್ಲೇ ದಿನವೂ ಅಭ್ಯಾಸ ಮಾಡಿಸಿದೆ. ಇಂಗ್ಲಿಷ್ ಅಕ್ಷರಗಳು ಆಕೆಗೆ ಕೂಡಿಸಿಕೊಂಡು ಓದುವಷ್ಟು ಮಾತ್ರ ಬರುತ್ತಿದ್ದವು. ಆದರೂ ಎರಡು ವಾರದಲ್ಲಿ ನಾನು ಮಾತಾಡದೆ ಕೂತಿದ್ದರೂ ತಾನೇ ಶುರು ಮಾಡಿ, ತಾನೇ ನಿಲ್ಲಿಸುವಂತಾದಳು. ಗುರುತು ಹಾಕುವ ಕೆಲಸ ಮುಗಿದ ಮೇಲೆ, ಒಂದು ಗುರುವಾರ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಹಾಕಿದೆ. ಒಂದು ಸಲವೂ ಎಡವಲಿಲ್ಲ. ಪರದೆಯ ಮೇಲೆ ಕಾರ್ಡಿನ ಹೆಸರು ಮೂಡಿದಾಗ ಮುತ್ತುರಾಜ, ‘ಸಖತ್ ಮೇಡಂ, ಇಷ್ಟು ಬೇಗ್ನೇ?’ ಅಂದ. ‘ಇದೇನು ಮಹಾ’ ಅಂದೆ. ಶುಕ್ರವಾರ ಸಂಜೆ ಶಂಕ್ರವ್ವನ ಹೆಸರಿನಲ್ಲಿ ಹೊಸ ಲಾಗಿನ್ ಖಾತೆ ತೆರೆದು, ಆಕೆಯಿಂದ ಪಾಸ್‌ವರ್ಡ್ ಹಾಕಿಸಿ ಮನೆಗೆ ಹೊರಟೆ. ಅದರಲ್ಲಿ ಯಂತ್ರ ನಡೆಯುತ್ತದೆಯೋ ಇಲ್ಲವೋ ನೋಡಲಿಲ್ಲ. ನನ್ನ ಕೆಲಸವನ್ನು ನಾನೇ ಎರಡು ಸಲ ನೋಡುವ ಅಭ್ಯಾಸ ನನಗಿಲ್ಲ.

ಶನಿವಾರ ಶಂಕ್ರವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಷ್ಟರಲ್ಲಿ ಹತ್ತೂ ಮುಕ್ಕಾಲು. ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಸರಿಯಾಗಿ ಹನ್ನೊಂದಕ್ಕೆ ಬಸವಪ್ರಸಾದ್ ಕುರ್ಚಿ ಎಳೆದುಕೊಂಡು ಕೂತರು. ಶಂಕ್ರವ್ವ ತನ್ನ ಹೆಸರು ಆರಿಸಿ, ಪಾಸ್‌ವರ್ಡ್ ಒತ್ತಿ, ಕ್ಯಾಮೆರಾ ಹಾಕಿ, ಶುರು ಮಾಡುವ ಗುಂಡಿ ಒತ್ತಿದಳು. ಪರದೆಯ ಮೇಲೆ ಕೆಂಪು ಸಾಲೊಂದು ಬಂತು. ಗ್ರಾಫಿಕ್ಸ್ ಕಾರ್ಡ್ ಸಿಗಲಿಲ್ಲವಂತೆ.

‘ಏನ್ ಒತ್ತಿದ್ರಿ?’ ಎಂದು ನಾನು ರೇಗಿದೆ.

‘ದಿನಾ ಒತ್ತೂದ ಒತ್ತೀನ್ರೀ.’

ಮತ್ತೆ ಒತ್ತಿದಳು. ಅದೇ ಸಾಲು. ‘ಸರಿಯಾಗಿ ನೋಡ್ಕೊಂಡ್ ಮಾಡಿ’ ಎಂದು ಎಲ್ಲರ ಮುಂದೆ ಗದರಿದೆ. ಶಂಕ್ರವ್ವ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಮುತ್ತುರಾಜ ಕೆಟ್ಟವನಲ್ಲ, ಆದರೆ ಸಿಕ್ಕ ಅವಕಾಶ ಬಿಡುವವನೂ ಅಲ್ಲ. ‘ಸಾರ್, ಆಂಟಿಗೆ ಇದೆಲ್ಲ ಆಗಲ್ಲ ಬಿಡಿ. ಮೇಡಂ, ಗುರುವಾರ ನಿಮ್ಮ ಲಾಗಿನ್‌ನಲ್ಲಿ ಓಡ್ತಿತ್ತಲ್ಲ? ಅದನ್ನೇ ತೆಗೀರಿ, ನಾನು ನಡೆಸಿ ತೋರಿಸ್ತೀನಿ. ನಂಗೊಂದು ಲಾಗಿನ್ ಆಮೇಲೆ ಮಾಡ್ಕೊಡೀರಂತೆ’ ಅಂದ.

ನನ್ನ ಲಾಗಿನ್‌ನಲ್ಲಿ. ಅವನ ಬಾಯಿಂದ ಆ ಮಾತು ಬಿದ್ದ ಕೂಡಲೇ ನನಗೆ ಹೊಳೆಯಿತು. ರಾಕ್‌ಎಮ್ ಹಾಕುವಾಗ ಒಂದು ಸಾಲು ಬರುತ್ತದೆ. ಯಾರಿಗೆ ಕಾರ್ಡನ್ನು ಮುಟ್ಟುವ ಅನುಮತಿ ಇದೆಯೋ ಅವರ ಗುಂಪಿಗೆ ಹೆಸರು ಸೇರಿಸುವ ಸಾಲು. ಸೂಚನೆಯಲ್ಲಿ ಇದ್ದಂತೆಯೇ ಹಾಕಿದರೆ ಆ ಹೊತ್ತು ಕೀಬೋರ್ಡಿನ ಮುಂದೆ ಲಾಗಿನ್ ಆಗಿರುವವರ ಹೆಸರು ಸೇರುತ್ತದೆ. ಕೂತಿದ್ದವಳು ನಾನು. ಶಂಕ್ರವ್ವನಿಗೆ ಲಾಗಿನ್ ಕೊಟ್ಟಿದ್ದೆ, ಅನುಮತಿ ಕೊಟ್ಟಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಂದದ್ದು ಅದನ್ನೇ.

ಸುಮ್ಮನಿದ್ದಿದ್ದರೆ ನನ್ನ ಯಂತ್ರ ಪಾಸಾಗುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಅರೆಗಳಿಗೆ ಹಾಗೆ ಅನ್ನಿಸಿದ್ದೂ ನಿಜ. ಆಮೇಲೆ ಆ ಮಡಿಲಲ್ಲಿದ್ದ ಕೈಗಳನ್ನು ನೋಡಿದೆ, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

‘ಸಾರ್, ಶಂಕ್ರವ್ವ ಎಲ್ಲಾ ಸರಿಯಾಗೇ ಮಾಡಿದ್ರು. ತಪ್ಪು ನಂದು. ಅವರ ಹೆಸರನ್ನ ಸೇರಿಸೋದು ಬಿಟ್ಟಿದೀನಿ. ತಪ್ಪಾಯ್ತು’ ಎಂದೆ. ಹೇಳಿದರೆ ಪ್ರಾಣವೇನೂ ಹೋಗುವುದಿಲ್ಲ ಎಂದು ಆವತ್ತು ಗೊತ್ತಾಯಿತು.

ಬಸವಪ್ರಸಾದ್ ಗಡಿಯಾರ ನೋಡಿದರು. ‘ನಂಗೆ ಹನ್ನೊಂದೂವರೆಗೆ ಇನ್ನೊಂದು ಮೀಟಿಂಗ್ ಇದೆ ಮೇಡಂ.’

ಶಂಕ್ರವ್ವನ ಪರದೆಯಲ್ಲೇ ಒಂದು ಕಿಟಕಿ ತೆರೆದು, ನನ್ನ ಪಾಸ್‌ವರ್ಡ್ ಕೊಟ್ಟು, ಆಕೆಯ ಹೆಸರನ್ನು ಗುಂಪಿಗೆ ಸೇರಿಸಿದೆ. ‘ಈಗ ಒತ್ತಿ.’ ಒತ್ತಿದಳು. ಅದೇ ಕೆಂಪು ಸಾಲು. ಇನ್ನೊಮ್ಮೆ ಸೇರಿಸಿ ಒತ್ತಿಸಿದೆ. ಅದೇ. ಹೆಸರು ಗುಂಪಿನಲ್ಲಿ ಇದೆ, ಕಣ್ಣಿಗೆ ಕಾಣುತ್ತಿದೆ, ಆದರೂ ಬಾಗಿಲು ತೆರೆಯುತ್ತಿಲ್ಲ. ಮುತ್ತುರಾಜ ಮೊಬೈಲ್ ತೆಗೆದು ನೋಡತೊಡಗಿದ.

ಶಂಕ್ರವ್ವ ಮೆಲ್ಲಗೆ ಕೇಳಿದಳು. ‘ಹೆಸರು ಈಗ ಬರದ್ರೇನ್ರೀ? ನಾ ಒಳಗ ಬಂದ ಮ್ಯಾಲೆ?’

‘ಹೂಂ, ಈಗ.’

‘ಹಂಗಾರ ನಾ ಒಮ್ಮೆ ಹೊರಗ ಹೋಗಿ ಬರಬೇಕ್ರೀ. ಕಟಿಂಗ್‌ನಿಂದ ಚೆಕಿಂಗಿಗೆ ನನ್ನ ಹಾಕಿದಾಗ ಹಿಂಗ ಆಗಿತ್ತು. ಆಫೀಸ್‌ನ್ಯಾಗ ನನ್ನ ಹೆಸರು ಬದಲು ಮಾಡಿದ್ರು, ಆದ್ರ ಈ ಖೋಲಿ ಬಾಗಲಾ ನನ್ನ ಐಡಿ ಕಾರ್ಡಿಗೆ ತಗೀಲೇ ಇಲ್ಲ. ಮೇನ್ ಗೇಟಿಗೆ ಹೋಗಿ, ಔಟ್ ಪಂಚ್ ಮಾಡಿ, ಮತ್ತ ಇನ್ ಪಂಚ್ ಮಾಡಿದ ಮ್ಯಾಲೇ ತಗೀತು.’

ನಾನು ಹಣೆ ಚಚ್ಚಿಕೊಂಡೆ. ಗುಂಪಿಗೆ ಸೇರಿಸಿದ ಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು ಎಂಬುದು ಲಿನಕ್ಸಿನ ಒಂದನೇ ಪಾಠ. ಎಷ್ಟು ಹುಡುಗರಿಗೆ ಬೈದು ಬೈದು ಕಲಿಸಿದ್ದೇನೆ. ಗಾಬರಿಯಲ್ಲಿ ನನಗೇ ಮರೆತುಹೋಗಿತ್ತು, ಅದನ್ನು ಎಂದೂ ಕಲಿಯದವಳು ನೆನಪಿಸಿದಳು.

‘ಹೋಗಿ ಬನ್ನಿ’ ಅಂದೆ. ಶಂಕ್ರವ್ವ ಲಾಗೌಟ್ ಒತ್ತಿದಳು, ಮತ್ತೆ ತನ್ನ ಹೆಸರು ಆರಿಸಿದಳು, ಪಾಸ್‌ವರ್ಡ್, ಕ್ಯಾಮೆರಾ, ಶುರು. ರೋಲರ್ ತಿರುಗಿತು. ನೀಲಿ ಬಟ್ಟೆ ಹರಿಯಿತು. ಮೂರನೆಯ ಮೀಟರಿಗೆ ಒಂದು ಕೆಂಪು ಚೌಕ. ‘ಎಣ್ಣಿ ಕಲಿ’ ಎಂದಳು ಶಂಕ್ರವ್ವ, ಹೋಗಿ ಮುಟ್ಟಿ ನೋಡಬೇಕಾದ ಅಗತ್ಯವಿಲ್ಲದವರ ಹಾಗೆ.

ಬಸವಪ್ರಸಾದ್ ಎದ್ದು ಹೋಗಲಿಲ್ಲ. ಎದ್ದು ಹೋದದ್ದು ಅವರ ಮೀಟಿಂಗು. ‘ಪೂರ್ತಿ ಆಫ್ ಮಾಡಿ. ಮೊದ್ಲಿಂದ ಮಾಡಿ ತೋರ್ಸಿ’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ಮೇಡಂ, ನೀವು ಹೊರಗಿರಿ’ ಅಂದರು.

ಹೊಲಿಗೆ ಹಾಲಿನ ಗೋಡೆಗೆ ನೀರಿನ ಫಿಲ್ಟರು ಇತ್ತು, ಅದರ ಪಕ್ಕ ನಿಂತೆ. ಮುನ್ನೂರು ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಆ ಕೋಣೆಯೊಳಗಿನದೇನೂ ಕೇಳಿಸಲಿಲ್ಲ. ಕಂಪ್ಯೂಟರ್ ಏಳಲು ಎರಡು ನಿಮಿಷ. ಕ್ಯಾಮೆರಾ ಏಳಲು ಅರ್ಧ. ಪಾಸ್‌ವರ್ಡ್ ತಪ್ಪಿದರೆ? ಕೇಬಲ್ ಸಡಿಲವಾದರೆ? ಇಂಥದ್ದಕ್ಕೆಲ್ಲ ನನ್ನ ಹತ್ತಿರ ಉತ್ತರವಿತ್ತು, ಕೇಳುವವರು ಮಾತ್ರ ಯಾರೂ ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಬದುಕಿನಲ್ಲಿ ನಾನು ಅಷ್ಟು ಹೊತ್ತು ಸುಮ್ಮನೆ ನಿಂತದ್ದಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಮುತ್ತುರಾಜ ಬಂದ. ನಾನು ಒಳಗೆ ನುಗ್ಗಲು ಸಿದ್ಧಳಾದೆ. ಅವನು ನನ್ನನ್ನು ದಾಟಿಕೊಂಡು ಹೋಗಿ, ಮೂಲೆಯಲ್ಲಿದ್ದ ಹೊಸ ರೋಲನ್ನು ಹೆಗಲಿಗೆ ಎತ್ತಿಕೊಂಡ.

‘ಏನಾಯ್ತು?’

‘ಆ ರೋಲ್ ಮುಗೀತು ಮೇಡಂ. ಇನ್ನೊಂದು ತಗೊಂಬಾ ಅಂದ್ರು ಆಂಟಿ. ಸೋಮವಾರದಿಂದ ಆಂಟೀನೇ ಅಂತ ಸಾರ್ ಬರೆದುಕೊಟ್ಟು ಆ ಕಡೆ ಬಾಗಿಲಿಂದ ಹೋದ್ರು.’

ಖುಷಿಯಾಯಿತು. ಅದರ ಜೊತೆಗೇ, ಸುಳ್ಳೇಕೆ, ನನ್ನನ್ನು ಒಮ್ಮೆ ಕರೆಯಬಾರದಿತ್ತೇ ಎಂದೂ ಅನ್ನಿಸಿತು. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಶಂಕ್ರವ್ವ ಖಾಲಿ ಬಾಟಲಿ ಹಿಡಿದು ನೀರಿಗೆ ಬಂದಳು. ನನ್ನನ್ನು ಕಂಡು ನಿಜಕ್ಕೂ ಆಶ್ಚರ್ಯಪಟ್ಟಳು.

‘ಅಯ್ಯ, ನೀವು ಇನ್ನೂ ಇಲ್ಲೇ ನಿಂತೀರೇನ್ರೀ? ಮನಿಗೆ ಹೋದ್ರಿ ಅಂತ ತಿಳಕೊಂಡಿದ್ದೆ’ ಅಂದಳು. ಬಾಟಲಿ ತುಂಬಿಸಿಕೊಂಡು, ರೋಲರ್ ಓಡುತ್ತಿದೆ ಎಂದು ಅವಸರದಲ್ಲಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.